ಗೋಡೆಯ ಉಪ್ಪು

ಸುಂದರಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ಅವಳನ್ನು ದೇವಿ ಮಾಡಿ ಕೂರಿಸುವುದು ಬೇಡ. ಟೀಚರಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚು. ಟೀಚರಿನ ಇಸ್ತ್ರಿ ಹಾಕಿದ ಸೀರೆಯ ಮೇಲೆ, ಕೊಡೆಯ ಮೇಲೆ, ಕೂತುಕೊಳ್ಳುವ ಕುರ್ಚಿಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಸ್ವಂತ ಮಗಳು ಆ ಟೀಚರನ್ನು ಬಾಯಿ ಬಿಟ್ಟುಕೊಂಡು ನೋಡುವ ನೋಟದ ಮೇಲೆ. ಉಂಡವರಿಗೆ ಹೊಟ್ಟೆಕಿಚ್ಚು ಇರಬಹುದು, ಹಸಿದವರಿಗೆ ಅದೂ ಇರಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿಟ್ಟಿದ್ದಾರೆ?

ಕದ್ರಿ ಗುಡ್ಡೆಯ ಇಳಿಜಾರಿನಲ್ಲಿ ಕಮಲಾಕ್ಷಯ್ಯನವರ ಶಾಲೆ. ಐದನೇ ಕ್ಲಾಸಿನವರೆಗೆ ಉಂಟು. ಕಮಲಾಕ್ಷಯ್ಯನವರು ಶಾಲೆಯ ಮ್ಯಾನೇಜರರು, ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆಯವರು. ಶಾಲೆಯ ಹಿಂದೆಯೇ ಅವರ ಮನೆ. ಮನೆಗೂ ಶಾಲೆಗೂ ನಡುವೆ ದನದ ಹಟ್ಟಿ. ಆ ಹಟ್ಟಿಯ ಸಗಣಿ ಎತ್ತುವುದು, ದನ ತೊಳೆಯುವುದು, ಹುಲ್ಲು ಹೆರೆದು ತರುವುದು ಸುಂದರಿ. ಗುಡ್ಡೆಯ ಹಿಂದಿನ ಕೇರಿಯವಳು. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದವ, ಎದೆಗೆ ಕೆಮ್ಮು ಹತ್ತಿ ಸತ್ತ. ಅವಳ ಅಪ್ಪೆಯೂ ಅದೇ ಹಟ್ಟಿಯಲ್ಲಿ ಸಗಣಿ ಎತ್ತಿದವಳು. ಅಪ್ಪೆ ಅಂದರೆ ತುಳುವಿನಲ್ಲಿ ತಾಯಿ.

ಊರು ಮದ್ರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಮೂರು ವರ್ಷ ಆಗಿತ್ತು. ಮಕ್ಕಳಿಗೆ ಪುಸ್ತಕ ಮಾತ್ರ ಸಾಲದು, ಕೆಲಸವನ್ನೂ ಕಲಿಸಬೇಕು ಎಂದು ಮೇಲಿನಿಂದ ಕಾಗದ ಬಂತು. ಬೇರೆ ಶಾಲೆಯವರು ತಕಲಿ ಹಿಡಿದು ನೂಲು ತೆಗೆದರು. ಕಮಲಾಕ್ಷಯ್ಯ ತಮ್ಮ ಹಟ್ಟಿಯನ್ನೇ ತೋರಿಸಿದರು. ಸಾಕುಪ್ರಾಣಿಗಳ ಆರೈಕೆ. ದನ ಉಂಟು, ಎರಡು ಆಡು ಉಂಟು, ಪಾಠ ಮಾಡಲಿಕ್ಕೆ ತಮ್ಮನ ಮಗಳು ಪಂಕಜಾಕ್ಷಿ ಉಂಟು. ಕೋಳಿ ಮಾತ್ರ ಚಿತ್ರದಲ್ಲಿ. ಪೂಜೆಯ ಮನೆಯವರು ಕೋಳಿ ಸಾಕುವುದುಂಟೇ?

ಪಂಕಜಾಕ್ಷಿ ಟೀಚರಿಗೆ ಇಪ್ಪತ್ತೆರಡು ವರ್ಷ. ಟ್ರೈನಿಂಗ್ ಪಾಸಾಗಿ ಬಂದವಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೆಟ್ಟವಳಲ್ಲ. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಶನಿವಾರ ಶನಿವಾರ ಮೂರನೇ ಕ್ಲಾಸಿನ ಮಕ್ಕಳನ್ನು ಸಾಲು ಹಿಡಿಸಿ ಹಟ್ಟಿಯ ಎದುರು ನಿಲ್ಲಿಸುತ್ತಿದ್ದಳು. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಸೀರೆಯ ನೆರಿಗೆ. ದನಕ್ಕೆ ನಾಲ್ಕು ಕಾಲು, ಎರಡು ಕೊಂಬು ಎನ್ನುತ್ತಿದ್ದಳು. ಮಕ್ಕಳು ರಾಗ ಎಳೆದು ಅದನ್ನೇ ಹೇಳುತ್ತಿದ್ದವು. ಕುರುಡನಿಗೂ ಗೊತ್ತಿರುವ ವಿಷಯಕ್ಕೆ ಇಷ್ಟು ಬೊಬ್ಬೆ ಯಾಕೆ ಎಂದು ಸುಂದರಿ ಒಳಗೊಳಗೆ ಉರಿಯುತ್ತಿದ್ದಳು. ಒಮ್ಮೆ ಟೀಚರ್ ಹಲಗೆಯ ಮೇಲೆ ದನದ ಮುಖ ಬರೆದಳು. ಮೇಲೆ ಒಂದು ಸಾಲು ಹಲ್ಲು, ಕೆಳಗೆ ಒಂದು ಸಾಲು ಹಲ್ಲು. ದನಕ್ಕೆ ಮೇಲಿನ ಎದುರು ಹಲ್ಲೇ ಇಲ್ಲ. ಸುಂದರಿ ಸಗಣಿ ಬುಟ್ಟಿಯ ಹಿಂದೆ ನಿಂತು ನಕ್ಕಳು. ಯಾರೂ ಅವಳ ನಗುವಿನ ಕಾರಣ ಕೇಳಲಿಲ್ಲ.

ಆ ಸಾಲಿನಲ್ಲಿ ಅವಳ ಮಗಳೂ ಇದ್ದಳು. ಶುಕ್ರವಾರ ಹುಟ್ಟಿದ್ದಕ್ಕೆ ಕೇರಿಯ ಪದ್ಧತಿಯಂತೆ ತುಕ್ರು ಎಂದು ಹೆಸರು. ಹರಿಜನ ಮಕ್ಕಳಿಗೂ ಜಾಗ ಕೊಟ್ಟಿದ್ದೇವೆ ಎಂದು ತೋರಿಸಲಿಕ್ಕೆ ಕಮಲಾಕ್ಷಯ್ಯನವರಿಗೆ ಒಂದೆರಡು ಮಕ್ಕಳು ಬೇಕಿತ್ತು. ಸುಂದರಿ ಅದನ್ನೇ ಬಾಗಿಲು ಮಾಡಿಕೊಂಡು ಮಗಳನ್ನು ಒಳಗೆ ತಳ್ಳಿದಳು. ತುಕ್ರು ಅಂತ ಹೆಸರಾ, ಪಾಪ, ಎಂದು ಟೀಚರ್ ರಿಜಿಸ್ಟರಿನಲ್ಲಿ ವನಜಾ ಎಂದು ಬರೆದುಕೊಂಡಳು. ಅಪ್ಪೆ ಅನ್ನಬಾರದು, ತಾಯಿ ಅನ್ನಬೇಕು ಎಂದು ಕಲಿಸಿದಳು. ಹುಡುಗಿ ಬಹಳ ಚುರುಕು. ಒಂದೇ ತಿಂಗಳಿನಲ್ಲಿ ತುಕ್ರು ಎಂದು ಕರೆದರೆ ತಿರುಗಿ ನೋಡುವುದನ್ನು ಬಿಟ್ಟಳು. ಹೆತ್ತದ್ದು ತಾನು, ಹೆಸರಿಟ್ಟದ್ದು ಇನ್ನೊಬ್ಬಳು. ಹೊಟ್ಟೆಗೆ ಬೆಂಕಿ ಬೀಳಲಿಕ್ಕೆ ಇನ್ನೆಂತ ಬೇಕು?

ಈಗ ದನದ ವಿಷಯ.

ದನದ ಹೆಸರು ಬೊಳ್ಳಿ. ಬೆಳ್ಳಗಿನ ದನ. ಜನವರಿಯಲ್ಲಿ ಕರು ಹಾಕಿತು. ಹಿಂಗಾಲು ಮುಂದಾಗಿ ಸಿಕ್ಕಿಕೊಂಡಿದ್ದ ಕರುವನ್ನು ಸುಂದರಿಯೇ ಎಳೆದು ಉಳಿಸಿದಳು. ಮೊದಲ ಮೂರು ದಿನದ ಹಾಲು ಗಿಣ್ಣು ಮಾಡಲಿಕ್ಕೆ ಮನೆಯೊಳಗೆ ಹೋಯಿತು. ಗಿಣ್ಣು ನೆಂಟರ ಮನೆಗೆಲ್ಲ ಹೋಯಿತು. ಕರುವಿಗೆ ಬಿಟ್ಟದ್ದು ಹಿಂಡಿ ಮುಗಿದ ಖಾಲಿ ಮೊಲೆ. ಎಂಟನೇ ದಿನ ಕರು ಭೇದಿಯಾಗಿ ಸತ್ತಿತು. ಅದನ್ನು ಹೊತ್ತುಕೊಂಡು ಹೋಗಿ ಗೇರುಮರದ ಬುಡದಲ್ಲಿ ಹೂಳಿದವಳೂ ಸುಂದರಿ. ಅದರ ಮುಂದಿನ ಶನಿವಾರ ಟೀಚರ್ ಅದೇ ಹಟ್ಟಿಯ ಎದುರು ನಿಂತು, ಮೊದಲ ಹಾಲನ್ನು ಕರುವಿಗೇ ಬಿಡಬೇಕು ಎಂದು ಮಕ್ಕಳಿಂದ ಹತ್ತು ಸಲ ಹೇಳಿಸಿದಳು. ಪುಸ್ತಕದಲ್ಲಿ ಹಾಗೆಯೇ ಇತ್ತು.

ಕರು ಸತ್ತ ಮೇಲೆ ಬೊಳ್ಳಿ ಹಾಲು ಇಳಿಸಲಿಲ್ಲ. ಹಾಲು ಕರೆಯುವವ ರಾಧಾಕೃಷ್ಣಯ್ಯ, ಕಮಲಾಕ್ಷಯ್ಯನವರ ಭಾವ. ಅವನು ಎಷ್ಟು ತಿಕ್ಕಿದರೂ ತಂಬಿಗೆ ಒದ್ದೆಯಾಗಲಿಲ್ಲ, ಮೇಲಿಂದ ಒದೆ ಸಿಕ್ಕಿತು. ಒಂದು ದಿನ ಸುಂದರಿ ಗೋಡೆಯ ಆಚೆಯಿಂದ, ಗೋದಲಿಯ ಮೇಲಿನ ಕಿಂಡಿಯಲ್ಲಿ ಹುಲ್ಲು ತುರುಕುತ್ತಿದ್ದಳು. ಬೊಳ್ಳಿ ಹುಲ್ಲು ಬಿಟ್ಟು ಅವಳ ಕೈ ನೆಕ್ಕಿತು. ಕರುವನ್ನು ನೆಕ್ಕುವ ಹಾಗೆ, ಮೊಣಕೈಯಿಂದ ಬೆರಳಿನವರೆಗೆ. ನೆಕ್ಕುತ್ತಾ ನೆಕ್ಕುತ್ತಾ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕಿತು. ಅದನ್ನು ನೋಡಿದ ರಾಧಾಕೃಷ್ಣಯ್ಯ ಓಡಿಹೋಗಿ ತಂಬಿಗೆ ತಂದ.

ಅಂದಿನಿಂದ ಒಂದು ಕ್ರಮ ಆಯಿತು. ಸಗಣಿ ಎತ್ತುವಾಗ ಸುಂದರಿ ಹಟ್ಟಿಯ ಒಳಗೆ ಬರಬಹುದು. ಹಾಲಿನ ತಂಬಿಗೆ ಬಂದ ಕೂಡಲೇ ಹೊರಗೆ ಹೋಗಬೇಕು. ಹಾಲಿಗೆ ಅವಳ ನೆರಳು ಬೀಳಬಾರದು. ಅವಳು ಸುತ್ತು ಹಾಕಿ ಗೋಡೆಯ ಹಿಂದೆ ಹೋಗಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ ನಿಂತು, ಕಿಂಡಿಯಿಂದ ಕೈ ಮಾತ್ರ ಒಳಗೆ ಹಾಕಬೇಕು. ಸಗಣಿಗೆ ಅವಳ ಮೈಲಿಗೆ ಇಲ್ಲ. ಅವಳು ಎತ್ತಿಕೊಟ್ಟ ಸಗಣಿಯಲ್ಲೇ ಮನೆಯವರು ಅಂಗಳ ಸಾರಿಸುತ್ತಾರೆ. ಕೈಗೂ ಮೈಲಿಗೆ ಇಲ್ಲ. ಮೈಲಿಗೆ ಇರುವುದು ಉಳಿದ ಸುಂದರಿಗೆ.

ದನದ ನಾಲಿಗೆ ಅಂದರೆ ಬಡಗಿಯ ಅರ ಇದ್ದ ಹಾಗೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಬಟ್ಟೆ ಸುತ್ತಿದರೆ ಬೊಳ್ಳಿ ಮೂಸಿ ಮುಖ ತಿರುಗಿಸುತ್ತದೆ. ಹದಿನೈದು ದಿನದಲ್ಲಿ ಬಲಗೈಯ ಚರ್ಮ ಕಿತ್ತುಬಂತು. ಸುಂದರಿ ಎಡಗೈ ಹಾಕಿದಳು. ಅದೂ ಕಿತ್ತುಬಂತು. ಕೇರಿಯ ಬದಿಯ ಮನೆಯ ರೊಸಾಲಿನ್ ಬಾಯಿ ತೆಂಗಿನೆಣ್ಣೆಯ ಕುಪ್ಪಿ ಕೊಟ್ಟು, ಇದೆಂತ ಅವಸ್ಥೆ ಮಾರಾಯ್ತಿ ಎಂದು ಬೈದಳು. ಸುಂದರಿಗೆ ಉರಿಯುತ್ತಿತ್ತು. ಆದರೆ ಬೊಳ್ಳಿಯ ಮೇಲೆ ಸಿಟ್ಟು ಬರಲಿಲ್ಲ. ಕರು ಕಳಕೊಂಡ ಪ್ರಾಣಿ ಅದು. ನೆಕ್ಕಲಿ ಎಂದುಕೊಂಡಳು.

ಸಿಟ್ಟು ಬಂದದ್ದು ಒಂದು ಶನಿವಾರ ಸಂಜೆ.

ಶನಿವಾರ ಮಾತ್ರ ಮಕ್ಕಳು ನೋಡಲಿ ಎಂದು ಹಾಲು ಕರೆಯುವುದನ್ನು ಅವರು ಬರುವವರೆಗೆ ತಡೆದಿಡುತ್ತಿದ್ದರು. ಆ ದಿನ ಮಗಳು ಮನೆಗೆ ಬಂದು ಸ್ಲೇಟು ತೊಡೆಯ ಮೇಲಿಟ್ಟು ಪಾಠ ಓದಿದಳು. ಹಾಲು ಕರೆಯುವ ಮುಂಚೆ ಕೈ ತೊಳೆಯಬೇಕು. ಹಾಲು ಕರೆಯುವಾಗ ಗಲಾಟೆ ಮಾಡಬಾರದು. ಹಾಲು ಕರೆಯುವಾಗ ಹಸು ಗೋಡೆಯ ಉಪ್ಪನ್ನು ನೆಕ್ಕುತ್ತದೆ.

ಅನ್ನ ಬಗ್ಗಿಸುತ್ತಿದ್ದ ಸುಂದರಿಯ ಕೈ ನಿಂತಿತು. ಇನ್ನೊಮ್ಮೆ ಓದು ಎಂದಳು. ಮಗಳು ಓದಿದಳು.

"ಅದು ನನ್ನ ಕೈ," ಎಂದಳು ಸುಂದರಿ.

"ಟೀಚರ್ ಉಪ್ಪು ಅಂತ ಹೇಳಿದ್ದಾರೆ," ಎಂದಳು ಮಗಳು.

ಗೋಡೆಯಿಂದ ಹೊರಟ ಒಂದು ಕೈಯನ್ನು ಯಾವುದೋ ಮಗು ನೋಡಿ ಕೇಳಿರಬೇಕು. ಟೀಚರಿಗೆ ಹೇಳಲಿಕ್ಕೆ ನಾಚಿಕೆಯಾಗಿರಬೇಕು. ಆ ಗೋಡೆಯಲ್ಲಿ ಉಪ್ಪು ಏಳುತ್ತದೆ, ದನಕ್ಕೆ ಉಪ್ಪು ಇಷ್ಟ ಎಂದುಬಿಟ್ಟಳು. ಅಲ್ಲಿಂದ ಅದು ಪಾಠ ಆಯಿತು. ಮಗಳಿಗೆ ಸತ್ಯ ಗೊತ್ತಿತ್ತು. ಅಪ್ಪೆ ಎಲ್ಲಿ ನಿಲ್ಲುತ್ತಾಳೆ ಎಂದು ಗೊತ್ತಿತ್ತು. ಆದರೂ ಟೀಚರ್ ಹೇಳಿದ್ದನ್ನೇ ದುಂಡಗೆ ಬರೆದುಕೊಂಡು ಬಂದಿದ್ದಳು. ಅಕ್ಷರ ಮುತ್ತಿನ ಹಾಗಿತ್ತು ಎಂದು ಹೇಳಬೇಕೆಂದರೆ ಸುಂದರಿಗೆ ಅಕ್ಷರ ಬರುವುದಿಲ್ಲ.

ಆ ದಿನದಿಂದ ಸುಂದರಿಗೆ ಬೇಕಾದದ್ದು ಒಂದೇ. ಕೂಲಿ ಅಲ್ಲ, ಸೀರೆ ಅಲ್ಲ. ಮಗಳು ಒಂದೇ ಒಂದು ಸಲ ಆ ಟೀಚರಿನ ಎದುರು ನಿಂತು, ಅದು ಉಪ್ಪಲ್ಲ, ನನ್ನ ಅಪ್ಪೆಯ ಕೈ ಎಂದು ಹೇಳಬೇಕು. ಅಷ್ಟೇ. ಕೇಳಿದರೆ ಸಣ್ಣ ಆಸೆ. ಅದಕ್ಕಾಗಿ ಅವಳು ಮಗಳನ್ನು ಬೇಡಿದಳು, ಬೈದಳು, ಬೆಲ್ಲ ಕೊಟ್ಟಳು. ಹುಡುಗಿ ಬಾಯಿ ಬಿಡಲಿಲ್ಲ. ಟೀಚರಿಗೆ ಬೇಜಾರಾಗ್ತದೆ ಎನ್ನುತ್ತಿದ್ದಳು. ನನಗೆ ಆಗುವುದಿಲ್ಲವಾ ಎಂದು ಸುಂದರಿ ಕೇಳಲಿಲ್ಲ. ಕೇಳಿ ಬೇಡದ ಉತ್ತರ ಬಂದರೆ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಮಾರ್ಚಿನಲ್ಲಿ ಇನ್‌ಸ್ಪೆಕ್ಟರರು ಬರುವುದು ಗೊತ್ತಾಯಿತು. ಹಟ್ಟಿಯ ಎದುರೇ ಪಾಠ ತೋರಿಸುವುದೆಂದು ತೀರ್ಮಾನವಾಯಿತು. ಚೆನ್ನಾಗಿ ನಡೆದರೆ ಪಂಕಜಾಕ್ಷಿ ಟೀಚರಿನ ಕೆಲಸ ಕಾಯಂ. ಮಕ್ಕಳಿಗೆಲ್ಲ ಒಂದೊಂದು ಪಾಲು. ಒಬ್ಬ ಹುಲ್ಲಿನ ವಿಷಯ ಹೇಳುವುದು, ಒಬ್ಬ ನೀರಿನ ವಿಷಯ. ಕಮಲಾಕ್ಷಯ್ಯನವರ ಮೊಮ್ಮಗಳು ಊರ್ಮಿಳಾ ಹಿತ್ತಾಳೆ ತಂಬಿಗೆ ಹಿಡಿದು, ಹಾಲು ಪೂರ್ಣ ಆಹಾರ ಎಂದು ಹೇಳುವುದು. ಸುಂದರಿಯ ಮಗಳಿಗೆ ಕಡೆಯ ಪಾಲು. ಹಟ್ಟಿಯ ಸಗಣಿ ಎತ್ತಿ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಎಲ್ಲರ ಎದುರು ಗುಂಡಿಯವರೆಗೆ ನಡೆಯುವುದು. ಉಳಿದವರಿಗೆಲ್ಲ ಬಾಯಿಪಾಠ. ಇವಳಿಗೊಬ್ಬಳಿಗೆ ನಿಜವಾದ ಸಗಣಿ.

ಇದು ಸುಂದರಿಗೆ ತಿಳಿದದ್ದು ಮಗಳನ್ನು ನೋಡಿ. ಕೆಲಸ ಮುಗಿಸಿ ಬಂದಾಗ ಹುಡುಗಿ ಅಂಗಳದಲ್ಲಿ ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಎದೆ ಸೆಟೆಸಿ, ಹಿಂದೆ ಮುಂದೆ ನಡೆಯುತ್ತಿದ್ದಳು. ಮುಖದಲ್ಲಿ ದೊಡ್ಡ ನಗು. ಟೀಚರ್ ನನ್ನನ್ನೇ ಆರಿಸಿದ್ದು ಎಂದಳು. ಸುಂದರಿ ಬುಟ್ಟಿ ಕಿತ್ತುಕೊಂಡು ಎಸೆದಳು. ಕೆನ್ನೆಗೆ ಬಾರಿಸಿದಳು. ಹುಡುಗಿ ಕೆನ್ನೆ ಹಿಡಿದುಕೊಂಡು ಅವಳನ್ನು ನೋಡಿ ಹೇಳಿದಳು:

"ಟೀಚರೇ ನನ್ನ ಅಪ್ಪೆ ಆಗಬೇಕಿತ್ತು."

ಸುಂದರಿ ಅಲ್ಲೇ ಕೂತಳು.

ಮರುದಿನ ಅವಳು ಟೀಚರಿನ ಹತ್ತಿರ ಹೋದಳು. ಶಾಲೆಯ ಜಗಲಿಯ ಕೆಳಗೆ ನಿಂತಳು. ಟೀಚರ್ ಮೇಲೆ ಕುರ್ಚಿಯಲ್ಲಿ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದಳು. ಬಿಳಿ ಬಿಳಿ ಕೈ, ಬೆರಳಿಗೆ ಕೆಂಪು ಶಾಯಿ. ಸುಂದರಿ ಸೆರಗಿನೊಳಗೆ ತನ್ನ ಕೈ ಮುಚ್ಚಿಕೊಂಡಳು. ಮಗಳಿಗೆ ಬೇರೆ ಪಾಲು ಕೊಡಿ ಎಂದು ಕೇಳಿದಳು.

ಟೀಚರ್ ನಯವಾಗಿಯೇ ಮಾತಾಡಿದಳು. ಕೆಲಸದಲ್ಲಿ ಮೇಲು ಕೀಳು ಇಲ್ಲ, ಅದನ್ನೇ ನಾವು ಮಕ್ಕಳಿಗೆ ಕಲಿಸುವುದು ಎಂದಳು.

"ಹಾಗಾದ್ರೆ ಊರ್ಮಿಳಮ್ಮ ಹೊರಲಿ ಟೀಚರೇ."

"ಅವಳಿಗೆ ಅಭ್ಯಾಸ ಇಲ್ಲಲ್ಲ ಸುಂದರಿ."

"ನನ್ನ ಮಗಳಿಗೂ ಇಲ್ಲ. ಹುಟ್ಟಿದ ಮೇಲೆ ಒಂದು ದಿನ ಸಗಣಿ ಮುಟ್ಟಿಸಲಿಲ್ಲ ನಾನು. ಅದಕ್ಕೇ ನಿಮ್ಮ ಹತ್ತಿರ ಕಳಿಸಿದ್ದು."

ಟೀಚರಿನ ಮುಖ ಕೆಂಪಾಯಿತು. ದೊಡ್ಡಪ್ಪ ಪಟ್ಟಿ ಮಾಡಿ ಆಗಿದೆ, ಇನ್ನು ಬದಲಾಯಿಸಲಿಕ್ಕೆ ಆಗುವುದಿಲ್ಲ ಎಂದಳು. ಹುಡುಗಿಗೆ ಹೊಸ ಲಂಗ ಹೊಲಿಸಿದ್ದೇನೆ ಎಂದೂ ಹೇಳಿದಳು. ಆಮೇಲೆ ತಲೆ ತಗ್ಗಿಸಿ ತಿದ್ದತೊಡಗಿದಳು. ಸುಂದರಿ ವಾಪಸು ಬಂದಳು. ಹೊಸ ಲಂಗದ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು. ಎಂಟು ವರ್ಷದಲ್ಲಿ ಅವಳು ಮಗಳಿಗೆ ಕೊಡಿಸಿದ್ದೆಲ್ಲ ಇನ್ನೊಬ್ಬರ ಮಕ್ಕಳು ಉಟ್ಟು ಬಿಟ್ಟದ್ದು.

ಇನ್‌ಸ್ಪೆಕ್ಟರರು ಬಂದ ದಿನ ಹಟ್ಟಿಗೆ ಸುಣ್ಣ ಬಳಿದಿತ್ತು. ಸುಂದರಿ ನಸುಕಿನಲ್ಲೇ ಬೊಳ್ಳಿಯನ್ನು ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ನೆಲ ಗುಡಿಸಿದ್ದಳು. ಪಾಠಕ್ಕೆ ಬೇಕೆಂದು ಸಗಣಿ ಮಾತ್ರ ಒಂದು ಮೂಲೆಯಲ್ಲಿ ಬಿಡಲಿಕ್ಕೆ ಹೇಳಿದ್ದರು. ಬೆಳಗಿನ ಹಾಲು ಕರೆದಿರಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹತ್ತು ಗಂಟೆಗೆ ಕಾರು ಬಂತು. ಸುಂದರಿಯನ್ನು ಗೋಡೆಯ ಹಿಂದೆ ಕಳಿಸಿದರು.

ಗುಂಡಿಯ ಅಂಚಿನಲ್ಲಿ ನಿಂತು ಅವಳು ಕಿಂಡಿಯಲ್ಲಿ ಕೈ ಹಾಕಿದಳು. ಬೊಳ್ಳಿ ನೆಕ್ಕತೊಡಗಿತು. ಹುಣ್ಣಿನ ಮೇಲೆ ನಾಲಿಗೆ ಎಳೆದಾಗ ಕಣ್ಣಲ್ಲಿ ನೀರು ಬಂತು. ಕೈಯ ಪಕ್ಕದ ಸಂದಿಯಿಂದ ಅವಳಿಗೆ ಆಚೆ ಕಾಣುತ್ತಿತ್ತು. ಇನ್‌ಸ್ಪೆಕ್ಟರರು ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕ, ತೊಡೆಯ ಮೇಲೆ ಕಾಗದ. ಮಕ್ಕಳು ಹುಲ್ಲು ಹೇಳಿದವು, ನೀರು ಹೇಳಿದವು. ರಾಧಾಕೃಷ್ಣಯ್ಯ ತಂಬಿಗೆ ಹಿಡಿದು ಕೂತ. ಹಾಲು ಸರ್ ಸರ್ ಎಂದು ಬೀಳತೊಡಗಿತು.

ದನ ಅಲ್ಲಿ ಎಂತ ಮಾಡ್ತಾ ಉಂಟು ಎಂದು ಇನ್‌ಸ್ಪೆಕ್ಟರರು ಕೇಳಿದರು. ಮೂವತ್ತು ಮಕ್ಕಳು ಒಟ್ಟಿಗೆ ರಾಗ ಎಳೆದವು. "ಹಸು ಗೋಡೆಯ ಉಪ್ಪನ್ನು ನೆಕ್ಕುತ್ತದೆ ಸರ್." ಅದರಲ್ಲಿ ತನ್ನ ಮಗಳ ದನಿ ಸುಂದರಿಗೆ ಬೇರೆಯಾಗಿ ಕೇಳಿಸಿತು. ಎಲ್ಲರಿಗಿಂತ ಗಟ್ಟಿ ಅವಳದ್ದೇ.

ಆಮೇಲೆ ಅವಳು ಮಗಳನ್ನು ಕಂಡಳು. ಹೊಸ ನೀಲಿ ಲಂಗ. ಎರಡು ಜಡೆ. ತಲೆಯ ಮೇಲೆ ಬುಟ್ಟಿ. ಹಸಿ ಸಗಣಿಯ ನೀರು ಬುಟ್ಟಿಯ ಸಂದಿಯಿಂದ ಇಳಿದು, ಹಣೆಯ ಮೇಲೆ ಹರಿದು, ಹುಬ್ಬಿನಲ್ಲಿ ನಿಂತಿತ್ತು. ಹುಡುಗಿ ಒರೆಸಿಕೊಳ್ಳಲಿಲ್ಲ. ಟೀಚರನ್ನು ನೋಡಿ ನಗುತ್ತಿದ್ದಳು. ಊರ್ಮಿಳಾ ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಸರಿದು ನಿಂತಳು.

ಸುಂದರಿ ಕೈ ಎಳೆದುಕೊಂಡಳು.

ಬೊಳ್ಳಿ ಕಿಂಡಿ ಮೂಸಿತು. ಬರೀ ಸುಣ್ಣ ನೆಕ್ಕಿ ಮೂತಿ ಒದರಿತು. ಕಾಲು ಝಾಡಿಸಿತು. ಹಾಲು ನಿಂತಿತು. ರಾಧಾಕೃಷ್ಣಯ್ಯ ಎಷ್ಟು ಎಳೆದರೂ ಒಂದು ತೊಟ್ಟು ಬರಲಿಲ್ಲ. ಅವನು ಎದ್ದು ಬಂದು ಕಿಂಡಿಗೆ ಬಾಯಿಟ್ಟು, ಸುಂದರಿ, ಕೈ ಹಾಕು ಮಾರಾಯ್ತಿ ಎಂದು ಪಿಸುಗುಟ್ಟಿದ. ಬುಟ್ಟಿ ಇಳಿಸಿದರೆ ಹಾಕ್ತೇನೆ ಎಂದಳು ಸುಂದರಿ. ಅವನಿಗೆ ಅರ್ಥವಾಗಲಿಲ್ಲ. ಕಮಲಾಕ್ಷಯ್ಯ ಹಿಂದಿನಿಂದ ಸುತ್ತು ಹಾಕಿ ಬಂದರು. ಗುಂಡಿಯ ವಾಸನೆಗೆ ಶಲ್ಯ ಮೂಗಿಗೆ ಹಿಡಿದುಕೊಂಡಿದ್ದರು. ಎಂತ ಹಠ ನಿನ್ನದು, ಶಾಲೆಯ ಮಾನ ಕಳೀತೀಯಾ ಎಂದರು. ನಾಳೆಯಿಂದ ನೀನೂ ಬರುವುದು ಬೇಡ, ಆ ಹುಡುಗಿಯೂ ಬೇಡ ಎಂದರು.

ನಲವತ್ತು ವರ್ಷದಿಂದ ಅವಳ ಮನೆಯಲ್ಲಿ ಯಾರೂ ಈ ಮನುಷ್ಯನ ಎದುರು ಬಾಯಿ ತೆರೆದದ್ದಿಲ್ಲ.

"ನನ್ನ ಮಗಳ ತಲೆಯಿಂದ ಅದನ್ನು ಇಳಿಸಿ ಧಣಿಗಳೇ. ನಿಮ್ಮ ಮೊಮ್ಮಗಳು ಹೊರಲಿ. ಅಲ್ಲಿವರೆಗೆ ನಾನು ಕೈ ಕೊಡುವುದಿಲ್ಲ."

ಕಮಲಾಕ್ಷಯ್ಯ ಕೈ ಎತ್ತಿದರು. ಹೊಡೆದರೆ ಮುಟ್ಟಬೇಕಾಗುತ್ತದೆ ಎಂಬುದು ನೆನಪಾಗಿ ಕೆಳಗೆ ಇಳಿಸಿದರು. ಬಿರಬಿರನೆ ಆಚೆ ಹೋದರು.

ಗೋಡೆಯಲ್ಲಿ ಉಪ್ಪು ಮುಗಿಯಿತಾ ಟೀಚರ್ ಎಂದು ಇನ್‌ಸ್ಪೆಕ್ಟರರು ನಕ್ಕರು. ಮಕ್ಕಳೂ ನಕ್ಕವು. ಪಂಕಜಾಕ್ಷಿ ಟೀಚರ್ ನಗಲಿಲ್ಲ. ಅವಳು ಸುಂದರಿಯ ಮಗಳ ಹತ್ತಿರ ಹೋಗಿ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಬುಟ್ಟಿ ಇಳಿಸಿ ಓಡಿದಳು. ಒಂದು ನಿಮಿಷದಲ್ಲಿ ಗೋಡೆಯ ಹಿಂದೆ, ತಾಯಿಯ ಎದುರು ಏದುಸಿರು ಬಿಡುತ್ತಾ ನಿಂತಳು.

ಟೀಚರ್ ನನ್ನ ಹತ್ತಿರ ಕೈ ಹಾಕಲಿಕ್ಕೆ ಹೇಳಿದ್ದಾರೆ ಎಂದಳು. ನಿನ್ನ ಅಪ್ಪೆ ಹಾಕದಿದ್ದರೆ ನೀನು ಹಾಕು, ಯಾರಿಗೂ ಕಾಣದ ಹಾಗೆ ನಿಲ್ಲು ಎಂದು ಹೇಳಿದ್ದಾರಂತೆ.

ಹಾಕು ಎಂದಳು ಸುಂದರಿ. ಹೋಗು, ನಿನ್ನ ಟೀಚರಿಗೆ ಬೇಕಂತೆ, ಹಾಕು. ಬದಿಗೆ ಸರಿದು ನಿಂತಳು. ತಡೆಯಲಿಲ್ಲ. ತಡೆದು ಉಳಿಸಿಕೊಂಡ ಮಗಳು ಅವಳಿಗೆ ಬೇಡವಾಗಿತ್ತು.

ಕಿಂಡಿ ಎತ್ತರದಲ್ಲಿತ್ತು. ಹುಡುಗಿ ಒಂದು ಕಲ್ಲು ಉರುಳಿಸಿಕೊಂಡು ಅದರ ಮೇಲೆ ಹತ್ತಿ ಕೈ ಹಾಕಿದಳು. ಬೊಳ್ಳಿ ಒಮ್ಮೆ ನೆಕ್ಕಿತು. ಎರಡನೇ ಸಲ ನೆಕ್ಕಿದಾಗ ಹುಡುಗಿ ಅಯ್ಯೋ ಎಂದು ಕಿರುಚಿ ಕೈ ಎಳೆದುಕೊಂಡಳು. ಎಂಟು ವರ್ಷದ ಎಳೆಯ ಚರ್ಮ. ಕೆಂಪು ಗೀರು ಎದ್ದಿತ್ತು. ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಅಪ್ಪೆಯ ಕೈ ನೋಡಿದಳು. ಸುಂದರಿ ಮುಚ್ಚಿಕೊಳ್ಳಲಿಕ್ಕೆ ಹೋದಳು. ಹುಡುಗಿ ಸೆರಗು ಸರಿಸಿದಳು. ಮೊಣಕೈಯಿಂದ ಕೆಳಗೆ ಚರ್ಮ ಇರಲಿಲ್ಲ. ಎರಡು ತಿಂಗಳಿನಿಂದ ಆ ಕೈಯೇ ಅವಳಿಗೆ ತಲೆ ಬಾಚಿದ್ದು, ಅನ್ನ ಬಡಿಸಿದ್ದು. ಅವಳು ಒಂದು ದಿನವೂ ನೋಡಿರಲಿಲ್ಲ.

ಹುಡುಗಿ ಕಲ್ಲಿನಿಂದ ಇಳಿದಳು. ಓಡಿದಳು. ಹೋಗಲಿ, ಟೀಚರಿನ ಸೆರಗಿನಲ್ಲಿ ಅಳಲಿ ಎಂದುಕೊಂಡಳು ಸುಂದರಿ. ಆಗ ಕಿಂಡಿಯಿಂದ ಮಗಳ ದನಿ ಬಂತು. ಪಾಠ ಒಪ್ಪಿಸುವ ಅದೇ ಗಟ್ಟಿ ದನಿ.

"ಸರ್, ಗೋಡೆಯಲ್ಲಿ ಉಪ್ಪು ಇಲ್ಲ. ಅದು ನನ್ನ ಅಪ್ಪೆಯ ಕೈ."

ಇನ್‌ಸ್ಪೆಕ್ಟರರು ಎದ್ದು ಬಂದು ಗೋದಲಿಯ ಮೇಲೆ ಬಗ್ಗಿ ಕಿಂಡಿಯಲ್ಲಿ ನೋಡಿದರು. ಈಚೆಯಿಂದ ಸುಂದರಿ ನೋಡಿದಳು. ಒಂದು ಗೇಣಿನ ದೂರದಲ್ಲಿ ಕನ್ನಡಕ, ಅದರ ಹಿಂದೆ ಎರಡು ಕಣ್ಣು. ಇಲ್ಲಿ ಯಾಕೆ ನಿಂತಿದ್ದೀಯಮ್ಮ ಎಂದು ಕೇಳಿದರು.

"ಒಳಗೆ ಬಂದ್ರೆ ಹಾಲು ಮೈಲಿಗೆ ಆಗ್ತದಂತೆ ಸರ್. ಕೈಗೆ ಮಾತ್ರ ಮೈಲಿಗೆ ಇಲ್ಲವಂತೆ."

ಇನ್‌ಸ್ಪೆಕ್ಟರರು ಕಾಗದದಲ್ಲಿ ಏನೋ ಬರೆದುಕೊಂಡರು. ಕಮಲಾಕ್ಷಯ್ಯನವರ ಮನೆಯ ಕಾಫಿ ಕುಡಿದು ಕಾರು ಹತ್ತಿದರು. ಏನು ಬರೆದರೋ, ಆ ಕಾಗದ ಯಾವ ಕಪಾಟಿನಲ್ಲಿ ಹುಳ ತಿಂದಿತೋ, ಸುಂದರಿಗೆ ಗೊತ್ತಾಗಲಿಲ್ಲ. ಅವಳು ಗೋಡೆಯ ಹಿಂದಿನಿಂದ ಸುತ್ತು ಹಾಕಿ ಅಂಗಳಕ್ಕೆ ಬಂದಾಗ ಮಗಳು ಓಡಿಬಂದು ಅವಳ ಸೊಂಟ ಹಿಡಿದುಕೊಂಡಳು. ಹೊಸ ಲಂಗಕ್ಕೆ ಸಗಣಿ, ಮುಖಕ್ಕೆ ಸಗಣಿ. ಮಗಳ ತಲೆಯ ಮೇಲಿಂದ ಸುಂದರಿ ಟೀಚರನ್ನು ನೋಡಿದಳು. ಟೀಚರ್ ಆ ಹುಡುಗಿಯನ್ನೇ ನೋಡುತ್ತಿದ್ದಳು. ಆ ನೋಟ ಯಾವುದೆಂದು ಸುಂದರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ವರ್ಷ ಅವಳೂ ಅದೇ ನೋಟ ನೋಡಿದ್ದಳು.

ಹಾಗೆಂದು ಹೊಟ್ಟೆಕಿಚ್ಚು ಪೂರ್ತಿ ಆರಿತು ಎಂದುಕೊಳ್ಳಬೇಡಿ. ಸಂಜೆ ಮಗಳು ರೊಸಾಲಿನ್ ಬಾಯಿಯ ಎಣ್ಣೆ ತಂದು ಅಪ್ಪೆಯ ಕೈಗೆ ಹಚ್ಚುತ್ತಾ, ಟೀಚರ್ ಅಳ್ತಾ ಇದ್ರು ಎಂದು ತಾನೂ ಅತ್ತಳು. ಸುಂದರಿಗೆ ಒಳಗೆ ಮತ್ತೆ ಚುರ್ ಎಂದಿತು. ಆದರೆ ಈ ಸಲ ಅವಳು ಬೈಯಲಿಲ್ಲ. ಅಳಲಿ ಎಂದುಕೊಂಡಳು. ಬೊಳ್ಳಿ ನೆಕ್ಕಿದಾಗ ನೆಕ್ಕಲಿ ಅಂದುಕೊಂಡ ಹಾಗೆಯೇ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಬೇಡ ಎಂದಿದ್ದರಲ್ಲ. ಬೆಳಿಗ್ಗೆಯಿಂದ ದನದ ಕೂಗು ಕೇಳುತ್ತಿತ್ತು. ಗುಡ್ಡೆಯ ಈಚೆ, ಕೇರಿಯವರೆಗೂ ಕೇಳುವ ಕೂಗು. ನಿನ್ನೆ ಬೆಳಿಗ್ಗೆ ಅರ್ಧ ಕರೆದದ್ದು, ಸಂಜೆ ಇಲ್ಲ, ಇವತ್ತು ಇಲ್ಲ. ಕೆಚ್ಚಲು ಬಾತು ಗಡ್ಡೆ ಕಟ್ಟಿದರೆ ದನ ಹಾಳು. ಸುಂದರಿ ಕೂತಲ್ಲಿ ಕೂರಲಾರದೆ ಒಳಗೆ ಹೊರಗೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ರಾಧಾಕೃಷ್ಣಯ್ಯ ಬಂದ. ಕೇರಿಯ ಹೊರಗೆ, ಹುಣಸೆಮರದ ಹತ್ತಿರವೇ ನಿಂತು ಕರೆದ. ಆದದ್ದು ಆಯಿತು, ಭಾವ ಸಿಟ್ಟು ಬಿಟ್ಟಿದ್ದಾರೆ, ಹುಡುಗಿಯೂ ಶಾಲೆಗೆ ಬರಲಿ ಎಂದ. ಮೊದಲಿನ ಹಾಗೆ ಬಂದು ಕೈ ಒಂದು ಹಾಕಿದರೆ ಸಾಕು ಎಂದ.

"ಕೈ ಮಾತ್ರ ಇನ್ನು ಇಲ್ಲ ಅಯ್ಯ," ಎಂದಳು ಸುಂದರಿ. "ಬಂದ್ರೆ ಇಡೀ ಸುಂದರಿ ಬರ್ತಾಳೆ. ಎದುರಿನ ಗೇಟಿನಿಂದ ಬರ್ತಾಳೆ, ದನದ ತಲೆಯ ಹತ್ತಿರ ನಿಲ್ತಾಳೆ. ಹೋಗಿ ಹೇಳಿ."

ಅವನು ಹೋದ. ದನ ಕೂಗುತ್ತಲೇ ಇತ್ತು. ಸುಂದರಿ ಸ್ವಲ್ಪ ಹೊತ್ತು ತಡೆದಳು. ಆಮೇಲೆ ಎದ್ದು ಮುಖ ತೊಳೆದು, ಇದ್ದ ಒಂದು ಒಳ್ಳೆಯ ಸೀರೆ ಉಟ್ಟಳು. ಮಗಳು ಕೇಳದೆಯೇ ಸ್ಲೇಟು ಎತ್ತಿಕೊಂಡಳು. ಇಬ್ಬರೂ ಗುಡ್ಡೆ ಹತ್ತಿದರು. ಗುಂಡಿಯ ಕಡೆಯ ದಾರಿ ಹಿಡಿಯಲಿಲ್ಲ.

ಶಾಲೆಯ ಎದುರಿನ ಗೇಟು ಹಾಕಿತ್ತು. ಕಬ್ಬಿಣದ ಸರಳಿನ ಗೇಟು, ಚಿಲಕ ಒಳಗಡೆ. ಜಗಲಿಯಲ್ಲಿ ಕಮಲಾಕ್ಷಯ್ಯ ಕೂತಿದ್ದರು. ಕಿಟಕಿಯಲ್ಲಿ ಮಕ್ಕಳ ತಲೆಗಳು, ಅವುಗಳ ಹಿಂದೆ ಟೀಚರ್. ಬೊಳ್ಳೀ ಎಂದು ಸುಂದರಿ ಒಂದು ಸಲ ಕರೆದಳು. ಹಟ್ಟಿಯಿಂದ ದನ ಓಗೊಟ್ಟಿತು, ಹಗ್ಗ ಜಗ್ಗಿದ ಸದ್ದೂ ಕೇಳಿಸಿತು. ಕಮಲಾಕ್ಷಯ್ಯ ಹಟ್ಟಿಯ ಕಡೆ ನೋಡಿದರು, ಗೇಟಿನ ಕಡೆ ನೋಡಿದರು.

ಸರಳಿನ ಸಂದಿಯಲ್ಲಿ ಕೈ ಹಾಕಿದರೆ ಚಿಲಕ ಸಿಗುತ್ತಿತ್ತು. ಸುಂದರಿ ಹಾಕಲಿಲ್ಲ. ಮಗಳ ಹೆಗಲ ಮೇಲೆ ಎರಡೂ ಕೈ ಇಟ್ಟುಕೊಂಡು, ಅವರೇ ಬಂದು ತೆಗೆಯಲಿ ಎಂದು ಅಲ್ಲೇ ನಿಂತಳು.